ಸೈನಸ್ ಕ್ಯಾನ್ಸರ್: ಆಪರೇಷನ್‌ಗೆ ಮೊದಲು ಕೀಮೋ ಜೊತೆಗೆ ಇಮ್ಯುನೋಥೆರಪಿ ಕೊಡಿಸಬೇಕೇ?

ಘಟಪ್ರಭಾ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನವರಿಗೆ 52 ವರ್ಷ. ಹುಡುಗನಾಗಿದ್ದಾಗಿನಿಂದಲೂ ಬಡಿಗತನದ ಕೆಲಸವನ್ನೇ ಮಾಡಿಕೊಂಡು ಬಂದವರು, ಬೀಡಿಯ ಚಟವೂ ಇತ್ತು. ದೀಪಾವಳಿಯ ಸುಮಾರಿಗೆ ಅವರ ಎಡ ಮೂಗು ಕಟ್ಟಿಕೊಳ್ಳಲು ಶುರುವಾದಾಗ ನೆಗಡಿ ಎಂದೇ ಮನೆಯವರೆಲ್ಲ ತಿಳಿದೆವು. ಆಮೇಲೆ ಮೇಲಿನ ಎಡ ದವಡೆಹಲ್ಲುಗಳು ಅಲುಗಾಡತೊಡಗಿದವು. ಕೀಳಿಸಿದ ಜಾಗದ ಗಾಯ ಮಾಯಲಿಲ್ಲ, ಕೆನ್ನೆ ಜೋಮು ಹಿಡಿದಂತಾಯಿತು, ಒಂದೆರಡು ಸಲ ಮೂಗಿನಿಂದ ರಕ್ತವೂ ಬಂತು. ಸಿ.ಟಿ., ಎಂ.ಆರ್.ಐ. ಮತ್ತು ಬಯಾಪ್ಸಿ ಮುಗಿದ ಮೇಲೆ ಎಡ ಮ್ಯಾಕ್ಸಿಲರಿ ಸೈನಸ್‌ನ (ಕೆನ್ನೆ ಎಲುಬಿನೊಳಗಿನ ಗಾಳಿಗೂಡು) ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂಬ ಬಗೆಯ ಕ್ಯಾನ್ಸರ್, ಟಿ4ಎ ಹಂತ (ಪಕ್ಕದ ಭಾಗಗಳಿಗೂ ಹಬ್ಬಿದ ಮುಂದುವರಿದ ಹಂತ), ಕುತ್ತಿಗೆಯ ಗಂಟುಗಳಿಗೆ ಹಬ್ಬಿಲ್ಲ ಎಂದು ವರದಿ ಬಂದಿದೆ. ಗಡ್ಡೆ ಕಣ್ಣುಗೂಡಿನ ತಳದ ಎಲುಬನ್ನು ತಿಂದುಹಾಕಿ ಒಳಗಿನ ಕೊಬ್ಬಿನ ಮುಂಭಾಗವನ್ನು ಸ್ವಲ್ಪ ಮುಟ್ಟಿದೆ ಎಂದು ರೇಡಿಯಾಲಜಿಸ್ಟ್ ಬರೆದಿದ್ದಾರೆ. ದೃಷ್ಟಿ ಈಗಲೂ ಚೆನ್ನಾಗಿದೆ.

ನಾವು ಎರಡು ಕಡೆ ತೋರಿಸಿದೆವು, ಎರಡು ಕಡೆಯೂ ಬೇರೆ ಬೇರೆ ಮಾತು ಕೇಳಿಬಂತು. ಒಬ್ಬ ಸರ್ಜನ್ ತಡ ಮಾಡದೆ ಆಪರೇಷನ್ ಮಾಡಬೇಕು, ಮೇಲ್ದವಡೆಯ ಜೊತೆಗೆ ಎಡಗಣ್ಣನ್ನೂ ತೆಗೆಯಬೇಕಾಗಬಹುದು, ಆಮೇಲೆ ರೇಡಿಯೇಷನ್ ಎಂದರು. ಇನ್ನೊಂದು ಆಸ್ಪತ್ರೆಯಲ್ಲಿ ಮೊದಲು ಮೂರು ಸೈಕಲ್ ಕೀಮೋ ಕೊಟ್ಟು, ಅದರೊಂದಿಗೇ ಪೆಂಬ್ರೋಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನೂ ಸೇರಿಸಿ, ಗಡ್ಡೆ ಕುಗ್ಗಿದರೆ ಕಣ್ಣು ಉಳಿಸಿಕೊಂಡು ಆಪರೇಷನ್ ಮಾಡುವ ಪ್ರಯತ್ನ ಮಾಡೋಣ ಎಂದರು. ಕಣ್ಣು ಉಳಿಯುತ್ತದೆ ಎಂದರೆ ಅಣ್ಣ ಯಾವುದಕ್ಕೂ ಸಿದ್ಧರಿದ್ದಾರೆ. ವೈನಿಯವರಿಗೆ ಇರುವುದು ಬೇರೆಯೇ ಹೆದರಿಕೆ. ಈ ಎರಡು ಮೂರು ತಿಂಗಳಲ್ಲಿ ರೋಗ ಇನ್ನಷ್ಟು ಬೆಳೆದು ಆಪರೇಷನ್ನೇ ಕೈತಪ್ಪಿದರೆ ಏನು ಗತಿ ಎಂದು ಅವರು ಕೇಳುತ್ತಾರೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಈ ಎರಡನ್ನೂ ಸೇರಿಸಿ ಕೊಡುವುದು ಸೈನಸ್ ಕ್ಯಾನ್ಸರ್‌ನಲ್ಲಿ ಸಾಬೀತಾದ ಚಿಕಿತ್ಸೆಯೋ, ಅಥವಾ ಇನ್ನೂ ಪ್ರಯೋಗದ ಹಂತದಲ್ಲಿದೆಯೋ? ಇಮ್ಯುನೋಥೆರಪಿಯ ಖರ್ಚು ಕೇಳಿ ನಮಗೆ ದಿಕ್ಕು ತೋಚದಂತಾಗಿದೆ. ಅದನ್ನು ಬಿಟ್ಟು ಬರೀ ಕೀಮೋ ಕೊಡಿಸಿದರೆ ಅಣ್ಣನಿಗೆ ಅನ್ಯಾಯ ಮಾಡಿದಂತಾಗುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕ್ಯಾನ್ಸರ್ ವೈದ್ಯ, ಬೆಳಗಾವಿ

ನಿಮ್ಮ ಅಣ್ಣನವರನ್ನು ನಾನು ನೋಡಿಲ್ಲ, ಆದ್ದರಿಂದ ಇದು ಸಾಮಾನ್ಯ ವಿವರಣೆ ಮಾತ್ರ. ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಆಪರೇಷನ್‌ಗೆ ಮೊದಲು ಔಷಧ ಕೊಡಬೇಕೇ ಎಂಬುದು ಒಂದು. ಕೊಡುವುದಾದರೆ ಕೀಮೋ ಜೊತೆಗೆ ಇಮ್ಯುನೋಥೆರಪಿ ಸೇರಬೇಕೇ ಎಂಬುದು ಇನ್ನೊಂದು. ಎರಡಕ್ಕೂ ಇರುವ ಆಧಾರದ ಬಲ ಒಂದೇ ಸಮನಾಗಿಲ್ಲ.

ಮೊದಲನೆಯದನ್ನು ನೋಡೋಣ. ಸೈನಸ್‌ನ ಸ್ಕ್ವೇಮಸ್ ಕ್ಯಾನ್ಸರ್ ವಿರಳ ರೋಗ, ಮೂಗಿನ ಪಕ್ಕದ ಗಾಳಿಗೂಡುಗಳಲ್ಲಿ ಸದ್ದಿಲ್ಲದೆ ಬೆಳೆಯುವುದರಿಂದ ಬಹುಪಾಲು ರೋಗಿಗಳು ನಮ್ಮ ಬಳಿ ಬರುವ ಹೊತ್ತಿಗೆ ಅದು ಟಿ3 ಅಥವಾ ಟಿ4 ಆಗಿರುತ್ತದೆ. ಆಪರೇಷನ್, ನಂತರ ರೇಡಿಯೇಷನ್, ಅಂಚಿನಲ್ಲಿ ರೋಗ ಉಳಿದಿದ್ದರೆ ರೇಡಿಯೇಷನ್ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ. ಇದು ದಶಕಗಳಿಂದ ನಡೆದುಬಂದ ಕ್ರಮ, ಇಂದಿಗೂ ಯಾರೂ ತಪ್ಪೆನ್ನಲಾಗದ ಕ್ರಮ. ಆದರೆ ಗಡ್ಡೆ ಕಣ್ಣನ್ನೋ ಮೆದುಳಿನ ತಳವನ್ನೋ ಒತ್ತಿಕೊಂಡಿರುವಾಗ ಮೊದಲು ಕೀಮೋ ಕೊಟ್ಟು ಕುಗ್ಗಿಸುವ ಪದ್ಧತಿಯನ್ನು ದೊಡ್ಡ ಕೇಂದ್ರಗಳು ಬಹಳ ಕಾಲದಿಂದ ಅನುಸರಿಸುತ್ತಿವೆ. ಅಮೆರಿಕದ ಎಂ.ಡಿ. ಆಂಡರ್ಸನ್ ಕೇಂದ್ರದವರು 2011ರಲ್ಲಿ ಇಂಥ 46 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಗಡ್ಡೆ ಗಣನೀಯವಾಗಿ ಕುಗ್ಗಿತ್ತು, ಕುಗ್ಗಿದವರ ಮುಂದಿನ ದಾರಿಯೂ ಕುಗ್ಗದವರಿಗಿಂತ ಚೆನ್ನಾಗಿತ್ತು. ಆದರೆ ಅದು ಹಳೆಯ ಕೇಸ್ ಶೀಟುಗಳನ್ನು ತೆಗೆದು ನೋಡಿದ ಅಧ್ಯಯನ, ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ್ದಲ್ಲ. ಹಾಗೆ ಹೋಲಿಸಲೆಂದೇ ಅಮೆರಿಕದ ಇಕಾಗ್-ಆಕ್ರಿನ್ ಎಂಬ ಕ್ಯಾನ್ಸರ್ ಸಂಶೋಧನಾ ಗುಂಪು ಇಎ3163 ಎಂಬ ಪ್ರಯೋಗವನ್ನು ಕೈಗೆತ್ತಿಕೊಂಡಿತು. ಅದರಲ್ಲಿ ಒಂದು ಗುಂಪಿಗೆ ನೇರ ಆಪರೇಷನ್, ಇನ್ನೊಂದಕ್ಕೆ ಮೊದಲು ಡೋಸಿಟ್ಯಾಕ್ಸೆಲ್ ಮತ್ತು ಪ್ಲಾಟಿನಂ ಬಗೆಯ ಕೀಮೋ ಔಷಧ. ಎಷ್ಟು ಜನ ಬದುಕುತ್ತಾರೆ ಎನ್ನುವುದರ ಜೊತೆಗೆ ಎಷ್ಟು ಜನರ ಕಣ್ಣು ಮತ್ತು ತಲೆಬುರುಡೆಯ ತಳ ಉಳಿಯುತ್ತದೆ ಎನ್ನುವುದನ್ನೂ ಅವರು ಅಳೆಯಲು ಹೊರಟದ್ದು ನನಗೆ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ನಿಮ್ಮ ಅಣ್ಣನವರ ಪ್ರಶ್ನೆಯೂ ಅದೇ.

ಎರಡನೆಯದು ಇಮ್ಯುನೋಥೆರಪಿಯ ವಿಚಾರ. ರೋಗದೊಡನೆ ಹೋರಾಡುವ ನಮ್ಮ ರಕ್ತದ ಟಿ-ಕಣಗಳ ಮೇಲೆ ಪಿಡಿ-1 ಎಂಬ ಒಂದು ಲಗಾಮು ಇರುತ್ತದೆ. ಕ್ಯಾನ್ಸರ್ ಕಣಗಳು ಪಿಡಿ-ಎಲ್1 ಎಂಬ ಪದಾರ್ಥವನ್ನು ಹೊರಚಾಚಿ ಆ ಲಗಾಮನ್ನು ಜಗ್ಗಿ ಹಿಡಿಯುತ್ತವೆ. ಪೆಂಬ್ರೋಲಿಜುಮ್ಯಾಬ್, ನಿವೊಲುಮ್ಯಾಬ್ ಈ ಹಿಡಿತವನ್ನು ಬಿಡಿಸುವ ಔಷಧಗಳು. ಇಂಥ ಲಗಾಮುಗಳನ್ನು ಬಿಡಿಸುವ ಮೂಲ ಸಂಶೋಧನೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೋಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆಪರೇಷನ್‌ಗೆ ಮೊದಲೇ ಕೊಡುವುದರ ಹಿಂದಿನ ತರ್ಕ ಹೀಗಿದೆ: ಗಡ್ಡೆ ಇನ್ನೂ ದೇಹದಲ್ಲಿ ಇರುವಾಗ ಟಿ-ಕಣಗಳಿಗೆ ವೈರಿಯ ಗುರುತು ಹೆಚ್ಚು ಸಿಗುತ್ತದೆ, ಕೀಮೋದಿಂದ ಸತ್ತ ಕ್ಯಾನ್ಸರ್ ಕಣಗಳು ಒಡೆದು ಆ ಗುರುತುಗಳನ್ನು ಮತ್ತಷ್ಟು ಹೊರಚೆಲ್ಲುತ್ತವೆ, ಹೀಗೆ ಒಂದು ಔಷಧ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಈ ತರ್ಕ ಫಲಿಸಿದೆ. ಚೆಕ್‌ಮೇಟ್-816 ಪ್ರಯೋಗದಲ್ಲಿ ಆಪರೇಷನ್‌ಗೆ ಮೊದಲು ನಿವೊಲುಮ್ಯಾಬ್ ಮತ್ತು ಕೀಮೋ ಎರಡನ್ನೂ ಮೂರು ಸೈಕಲ್ ಪಡೆದವರಲ್ಲಿ ಶೇ. 24ರಷ್ಟು ಜನರ ಕತ್ತರಿಸಿ ತೆಗೆದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಕಣವೇ ಸಿಗಲಿಲ್ಲ, ಬರೀ ಕೀಮೋ ಪಡೆದವರಲ್ಲಿ ಆ ಪ್ರಮಾಣ ಶೇ. 2.2 ಮಾತ್ರ ಇತ್ತು.

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ಈಗ ಎಲ್ಲರೂ ಹೇಳುವುದು ಕೀನೋಟ್-689 ಪ್ರಯೋಗದ ಮಾತು. 714 ರೋಗಿಗಳ ಈ ಪ್ರಯೋಗದಲ್ಲಿ ಆಪರೇಷನ್‌ಗೆ ಮೊದಲು ಎರಡು ಡೋಸ್ ಪೆಂಬ್ರೋಲಿಜುಮ್ಯಾಬ್, ನಂತರ ರೇಡಿಯೇಷನ್ ಜೊತೆಗೆ ಮತ್ತು ಅದಾದ ಮೇಲೆ ಹದಿನೈದು ಡೋಸ್ ಕೊಟ್ಟಾಗ, ರೋಗ ಮರುಕಳಿಸದೆ ಮೂರು ವರ್ಷ ದಾಟಿದವರ ಪ್ರಮಾಣ ಶೇ. 46.4ರಿಂದ ಶೇ. 57.6ಕ್ಕೆ ಏರಿತು. ಇದರ ಆಧಾರದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜೂನ್‌ನಲ್ಲಿ, ಗಡ್ಡೆಯಲ್ಲಿ ಪಿಡಿ-ಎಲ್1 ಎಷ್ಟಿದೆ ಎಂದು ತೋರಿಸುವ ಸಿಪಿಎಸ್ ಅಂಕ 1 ಅಥವಾ ಹೆಚ್ಚಿರುವವರಿಗೆ ಈ ಕ್ರಮಕ್ಕೆ ಒಪ್ಪಿಗೆ ನೀಡಿತು. ಆದರೆ ದಯವಿಟ್ಟು ಎರಡು ಅಂಶಗಳನ್ನು ಗಮನಿಸಿ. ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಬಾಯಿ, ಗಂಟಲು ಮತ್ತು ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗಳನ್ನು. ಸೈನಸ್ ಕ್ಯಾನ್ಸರ್ ಅದರಲ್ಲಿ ಇರಲಿಲ್ಲ. ಅಲ್ಲದೆ ಅಲ್ಲಿ ಆಪರೇಷನ್‌ಗೆ ಮೊದಲು ಕೊಟ್ಟದ್ದು ಬರೀ ಇಮ್ಯುನೋಥೆರಪಿಯನ್ನು, ಕೀಮೋ ಸೇರಿಸಿರಲಿಲ್ಲ. ಸೈನಸ್‌ನಲ್ಲಿ ಎರಡನ್ನೂ ಸೇರಿಸಿ ಕೊಟ್ಟ ಅನುಭವ ಸಣ್ಣ ಗುಂಪುಗಳದ್ದು. ಅಲ್ಲಿ ಗಡ್ಡೆ ಕುಗ್ಗಿದ ವರದಿಗಳು ಆಶೆ ಹುಟ್ಟಿಸುತ್ತವೆ, ಆದರೆ ಕುಗ್ಗುವುದು ಮತ್ತು ಹೆಚ್ಚು ಕಾಲ ಬದುಕುವುದು ಒಂದೇ ಅಲ್ಲ.

ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನೇರವಾಗಿಯೇ ಹೇಳುತ್ತೇನೆ. ಬರೀ ಕೀಮೋ ಕೊಡಿಸಿ ಆಪರೇಷನ್‌ಗೆ ಹೋದರೆ ಯಾರಿಗೂ ಅನ್ಯಾಯ ಮಾಡಿದಂತಾಗುವುದಿಲ್ಲ. ಇಮ್ಯುನೋಥೆರಪಿ ಸೇರಿಸುವುದು ಒಪ್ಪಬಹುದಾದ, ಆದರೆ ಈ ರೋಗದಲ್ಲಿ ಇನ್ನೂ ಸಾಬೀತಾಗದ ಹೆಜ್ಜೆ. ಅದಕ್ಕಾಗಿ ಹೊಲ ಮಾರಬೇಡಿ.

ಇನ್ನು ಕಣ್ಣಿನ ವಿಚಾರಕ್ಕೆ ಬರೋಣ. ಗಡ್ಡೆ ಕಣ್ಣುಗೂಡಿನ ಎಲುಬನ್ನಷ್ಟೇ ತಿಂದಿದ್ದರೆ ಕಣ್ಣು ತೆಗೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಎಲುಬಿನ ಒಳಗಿನ ತೆಳು ಹೊದಿಕೆಯನ್ನು ಮುಟ್ಟಿದ್ದರೂ ಅನೇಕ ಸಲ ಆ ಹೊದಿಕೆಯನ್ನು ಮಾತ್ರ ತೆಗೆದು ಕಣ್ಣು ಉಳಿಸಬಹುದು. ಕೊಬ್ಬು, ಕಣ್ಣು ಹೊರಳಿಸುವ ಸ್ನಾಯುಗಳು, ಹಿಂಬದಿಯ ತುದಿ, ಇವುಗಳೊಳಗೆ ಹೊಕ್ಕಿದ್ದರೆ ಮಾತ್ರ ಕಣ್ಣು ತೆಗೆಯುವ ಮಾತು ಗಟ್ಟಿಯಾಗುತ್ತದೆ. ನಿಮ್ಮ ಅಣ್ಣನವರದು ಈ ಗಡಿಯಲ್ಲಿರುವ ಪ್ರಕರಣ, ಇಂಥವರಲ್ಲಿಯೇ ಮೊದಲು ಔಷಧ ಕೊಟ್ಟು ನೋಡುವುದಕ್ಕೆ ಹೆಚ್ಚು ಅರ್ಥವಿದೆ. ಆದರೆ ಮೊದಲ ಸೂಜಿ ಹಾಕುವ ಮೊದಲೇ ಟ್ಯೂಮರ್ ಬೋರ್ಡ್‌ನಲ್ಲಿ ಸರ್ಜನ್, ರೇಡಿಯೇಷನ್ ವೈದ್ಯರು, ಮೆಡಿಕಲ್ ಆಂಕಾಲಜಿಸ್ಟ್ ಮತ್ತು ಕಣ್ಣಿನ ವೈದ್ಯರು ಒಟ್ಟಿಗೆ ಕುಳಿತು ಕೆಲವು ಸಂಗತಿಗಳನ್ನು ಬರೆದಿಡಬೇಕು: ಎಷ್ಟು ಸೈಕಲ್, ಯಾವಾಗ ಎಂ.ಆರ್.ಐ., ಕುಗ್ಗದಿದ್ದರೆ ಅಥವಾ ಬೆಳೆದರೆ ಯಾವ ವಾರ ಆಪರೇಷನ್. ಎರಡು ಸೈಕಲ್ ಆದ ಮೇಲೆ ತಪ್ಪದೆ ಸ್ಕ್ಯಾನ್ ಆಗಬೇಕು. ಗಡ್ಡೆ ಅಲುಗಾಡದಿದ್ದರೆ ಮೂರನೆಯದಕ್ಕೆ ಕಾಯದೆ ಸರ್ಜರಿಗೆ ಹೋಗಬೇಕು. ನಿಮ್ಮ ವೈನಿಯವರ ಹೆದರಿಕೆ ಸರಿಯಾದದ್ದೇ, ಅದಕ್ಕೆ ಉತ್ತರ ಈ ಬರೆದಿಟ್ಟ ಯೋಜನೆಯಲ್ಲಿದೆ.

ಇನ್ನೊಂದು ಮಾತು. ಬಯಾಪ್ಸಿಯ ಬ್ಲಾಕ್‌ಗಳನ್ನು (ಮೇಣದಲ್ಲಿ ಕಾಯ್ದಿಟ್ಟ ತುಣುಕುಗಳನ್ನು) ತಲೆ-ಕುತ್ತಿಗೆ ರೋಗದಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಸೈನಸ್‌ನಲ್ಲಿ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹಲವು ಜಾತಿಗಳಿವೆ, ಜಾತಿ ಬದಲಾದರೆ ಚಿಕಿತ್ಸೆಯ ಕ್ರಮವೇ ಬದಲಾಗುತ್ತದೆ. ಸ್ನಕ್ ಎಂದು ಕರೆಯುವ ಒಂದು ಬಗೆಯಲ್ಲಿ, ಮೊದಲ ಕೀಮೋಗೆ ಚೆನ್ನಾಗಿ ಸ್ಪಂದಿಸಿದವರಿಗೆ ಆಪರೇಷನ್‌ಗಿಂತ ಕೀಮೋ-ರೇಡಿಯೇಷನ್ ಹೆಚ್ಚು ಹಿತವಾಯಿತೆಂದು 2019ರಲ್ಲಿ 95 ರೋಗಿಗಳ ಅಧ್ಯಯನ ತೋರಿಸಿತು. ಸ್ಕ್ವೇಮಸ್ ಬಗೆಗೆ ಆ ಮಾತನ್ನು ಹಾಗೆಯೇ ಅನ್ವಯಿಸಬಾರದು. ಮರದ ಧೂಳು ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 1995ರಲ್ಲಿಯೇ ಸಾರಿದೆ, ಆದರೆ ಅದರ ಗಟ್ಟಿ ಸಂಬಂಧ ಇರುವುದು ಅಡಿನೋಕಾರ್ಸಿನೋಮಾ ಎಂಬ ಇನ್ನೊಂದು ಜಾತಿಯ ಜೊತೆಗೆ. ಬಡಿಗ ವೃತ್ತಿಯವರಲ್ಲಿ ಬ್ಲಾಕ್ ಮರುಪರೀಕ್ಷೆ ಮಾಡಿಸಿ ಎನ್ನಲು ಇದೂ ಒಂದು ಕಾರಣ.

ಗುಮ್ಮಟನಗರಿ, ವಿಜಯಪುರ

ಅಣ್ಣಾರೆ, ನಮ್ಮ ತಂದೆಯವರಿಗೂ ಇದೇ ಮ್ಯಾಕ್ಸಿಲರಿ ಸೈನಸ್ ಕ್ಯಾನ್ಸರ್ ಆಗಿತ್ತು. ಅವರಿಗೆ ಇಮ್ಯುನೋಥೆರಪಿ ಇರಲಿಲ್ಲ, ಡೋಸಿಟ್ಯಾಕ್ಸೆಲ್, ಸಿಸ್‌ಪ್ಲಾಟಿನ್ ಮತ್ತು 5-ಎಫ್‌ಯು ಎಂಬ ಮೂರು ಔಷಧಗಳ ಕೀಮೋ ಕೊಟ್ಟು ಆಮೇಲೆ ಆಪರೇಷನ್ ಮಾಡಿದರು. ವೈದ್ಯರು ಹೇಳಿದ ಶಾಸ್ತ್ರದ ಮಾತಿಗೆ ನಾನೇನೂ ಸೇರಿಸಲಾರೆ, ಮನೆಯಲ್ಲಿ ನೋಡಿಕೊಳ್ಳುವವರಿಗೆ ಉಪಯೋಗವಾಗುವ ಕೆಲವು ಸಂಗತಿಗಳನ್ನು ಮಾತ್ರ ಬರೆಯುತ್ತೇನೆ.

ಮೊದಲ ಸೈಕಲ್ ಮುಗಿದ ಮೇಲೆ ತಂದೆಯವರ ಕೆನ್ನೆಯ ಬಾವು ಇಳಿಯಿತು, ಮೂಗಿನಲ್ಲಿ ಉಸಿರಾಡಲು ಬಂತು, ರಾತ್ರಿ ನಿದ್ದೆ ಹತ್ತಿತು. ಎರಡನೆಯದು ಮುಗಿಯುವ ಹೊತ್ತಿಗೆ "ಇನ್ನೆಲ್ಲಿ ಇದೆ ರೋಗ, ದವಡೆ ಯಾಕೆ ಕೊಯ್ಯಿಸಿಕೊಳ್ಳಲಿ" ಎಂದು ಪಟ್ಟು ಹಿಡಿದರು. ಊರಿನ ಹಿರಿಯರೂ ಅವರ ಮಾತಿಗೇ ದನಿಗೂಡಿಸಿದರು. ನಮ್ಮ ಸರ್ಜನ್ ಕೋಪಿಸಿಕೊಳ್ಳದೆ ಮೊದಲಿನ ಮತ್ತು ನಂತರದ ಸ್ಕ್ಯಾನ್ ಎರಡನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಗಡ್ಡೆ ಕುಗ್ಗುವಾಗ ಒಂದೇ ಉಂಡೆಯಾಗಿ ಕುಗ್ಗುವುದಿಲ್ಲ, ಹಳೆಯ ಜಾಗದಲ್ಲಿ ಅಲ್ಲಲ್ಲಿ ಕಣಗಳ ಗುಂಪುಗಳನ್ನು ಬಿಟ್ಟುಹೋಗುತ್ತದೆ, ಅವು ಸ್ಕ್ಯಾನ್‌ನಲ್ಲಿ ಕಾಣುವುದೇ ಇಲ್ಲ ಎಂದು ತಾಳ್ಮೆಯಿಂದ ವಿವರಿಸಿದ ಮೇಲೆಯೇ ತಂದೆ ಒಪ್ಪಿದ್ದು. ಅವರ ದವಡೆಯಿಂದ ತೆಗೆದ ಭಾಗದಲ್ಲಿ ರೋಗ ಇನ್ನೂ ಇತ್ತೆಂದು ಪೆಥಾಲಜಿ ವರದಿ ಬಂತು. ನಿಮ್ಮ ಅಣ್ಣನವರು ಕಣ್ಣಿನ ಆಸೆಗೆ ಔಷಧಕ್ಕೆ ಒಪ್ಪುತ್ತಿದ್ದಾರೆ, ಸಂತೋಷ. ಆದರೆ ಆಪರೇಷನ್ ಇದ್ದೇ ಇರುತ್ತದೆ ಎಂಬ ಮಾತನ್ನು ಈಗಲೇ, ಅವರಿಗೆ ನೋವಿರುವಾಗಲೇ, ನಾಲ್ಕು ಜನರೆದುರು ಒಪ್ಪಿಸಿ ಇಟ್ಟುಕೊಳ್ಳಿ. ನೋವು ಹೋದ ಮೇಲೆ ಒಪ್ಪಿಸುವುದು ಬಹಳ ಕಷ್ಟ.

ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಮತ್ತು ಕಿವಿಗೆ ಪೆಟ್ಟು ಕೊಡುವ ಔಷಧ. ಪ್ರತಿ ಸೈಕಲ್‌ಗೂ ಮೊದಲು ಕ್ರಿಯಾಟಿನಿನ್ ನೋಡುತ್ತಿದ್ದರು, ಶುರುವಿನಲ್ಲಿ ಒಮ್ಮೆ ಕಿವಿಯ ಪರೀಕ್ಷೆಯನ್ನೂ ಮಾಡಿಸಿದ್ದರು. ನಮ್ಮ ಕಡೆಯ ಬೇಸಿಗೆಯಲ್ಲಿ ವಾಂತಿಯೂ ಸೇರಿಕೊಂಡರೆ ದೇಹದ ನೀರು ಬೇಗ ಬತ್ತುತ್ತದೆ, ಹಾಗಾಗಿ ನೀರು, ಮಜ್ಜಿಗೆ, ಗಂಜಿ ಎಷ್ಟು ಹೋಗುತ್ತಿದೆ ಎಂದು ಒಬ್ಬರು ಲೆಕ್ಕ ಇಡಬೇಕು. ಬಾಯಿ ಹುಣ್ಣಾದಾಗ ರೊಟ್ಟಿ ಇಳಿಯುವುದಿಲ್ಲ, ಜೋಳದ ಅಂಬಲಿ ಮತ್ತು ನುಚ್ಚು ಇಳಿಯುತ್ತವೆ, ಖಾರ ಮತ್ತು ಹಿಂಡಿಯನ್ನು ದೂರವಿಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಜ್ವರ. ಥರ್ಮಾಮೀಟರ್ ಮನೆಯಲ್ಲಿರಲಿ, 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ. ಬಿಳಿ ರಕ್ತಕಣ ಇಳಿದಿರುವಾಗ ಬರುವ ಜ್ವರ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಮುಳುವಾಗಬಲ್ಲದು. ರೇಡಿಯೇಷನ್‌ಗೆ ಮೊದಲು ಹಲ್ಲುಗಳನ್ನೂ ಪರೀಕ್ಷಿಸಿ ಸರಿಪಡಿಸಿಕೊಳ್ಳಬೇಕು, ಆಮೇಲೆ ಕೀಳಿಸಿದರೆ ದವಡೆ ಎಲುಬು ಮಾಯುವುದು ಕಷ್ಟ.

ತಂದೆಯವರಿಗೆ ಅಂಗುಳದ ಎಲುಬು ಹೋದ ಜಾಗಕ್ಕೆ ಆಬ್ಚುರೇಟರ್ ಎಂಬ ತಟ್ಟೆಯಂಥ ಕೃತಕ ಅಂಗುಳ ಕೂರಿಸಿದ್ದಾರೆ. ಅದನ್ನು ಹಾಕಿಕೊಂಡರೆ ಮಾತು ಸ್ಪಷ್ಟವಾಗುತ್ತದೆ, ಊಟ ಮೂಗಿಗೆ ಹೋಗುವುದಿಲ್ಲ. ಇದರ ಅಳತೆಯನ್ನು ಆಪರೇಷನ್‌ಗೆ ಮೊದಲೇ ದಂತವೈದ್ಯರು ತೆಗೆದುಕೊಳ್ಳಬೇಕು, ಮರೆಯದೆ ಕೇಳಿ.

ಕೃಷ್ಣೆಯ ದಂಡೆ, ಜಮಖಂಡಿ

ನನ್ನ ಪರಿಚಯದವರೊಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಇದ್ದು, ಕೀಮೋ ಇಲ್ಲದೆ ಬರೀ ಇಮ್ಯುನೋಥೆರಪಿಯಲ್ಲಿ ಬಹಳ ಸುಧಾರಿಸಿದ್ದಾರೆ. ಕೂದಲು ಸಹ ಉದುರಲಿಲ್ಲ. ಅಡ್ಡಪರಿಣಾಮವಿಲ್ಲದ ಔಷಧ ಇರುವಾಗ ಕೀಮೋದ ಕಷ್ಟ ಯಾಕೆ ಕೊಡಬೇಕು? ಸಾಧ್ಯವಿದ್ದರೆ ಅದೊಂದನ್ನೇ ಕೊಡಿಸಿ ಎಂದು ನನ್ನ ಸಲಹೆ.

ಕ್ಯಾನ್ಸರ್ ವೈದ್ಯ, ಬೆಳಗಾವಿ

ಜಮಖಂಡಿಯವರು ಕಾಳಜಿಯಿಂದಲೇ ಬರೆದಿದ್ದಾರೆ, ಆದರೆ ಇದನ್ನು ಹೀಗೆಯೇ ಬಿಟ್ಟರೆ ಅಪಾಯ. ಇಮ್ಯುನೋಥೆರಪಿಗೆ ಅಡ್ಡಪರಿಣಾಮಗಳಿವೆ, ಅವುಗಳ ಬಗೆ ಬೇರೆ ಅಷ್ಟೇ. ಲಗಾಮು ಬಿಟ್ಟ ಟಿ-ಕಣಗಳು ದೇಹದ ಸ್ವಂತ ಅಂಗಗಳ ಮೇಲೂ ಎರಗಬಹುದು. ಥೈರಾಯ್ಡ್ ಕುಂದುವುದು ಸಾಮಾನ್ಯ, ಅದು ಮಾತ್ರೆಯಿಂದ ಸರಿಹೋಗುತ್ತದೆ. ಶ್ವಾಸಕೋಶ, ಕರುಳು, ಯಕೃತ್ತು ಉರಿಯೂತಕ್ಕೆ ಒಳಗಾಗುವುದು ಕಡಿಮೆ, ಆದರೆ ಆದಾಗ ಗಂಭೀರ. ಕೆಲವರಲ್ಲಿ ಸಕ್ಕರೆ ಕಾಯಿಲೆ ಹಠಾತ್ತನೆ ಕಾಣಿಸಿಕೊಳ್ಳುತ್ತದೆ. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರಬಹುದು. ನಮ್ಮ ಸರ್ಜನ್ನರು ವಿಶೇಷವಾಗಿ ಅಂಜುವುದು ಅಡ್ರಿನಲ್ ಗ್ರಂಥಿಯ ಸೊರಗುವಿಕೆಗೆ, ಏಕೆಂದರೆ ಅದು ಗೊತ್ತಾಗದೇ ಉಳಿದಿದ್ದರೆ ಅರಿವಳಿಕೆ ಕೊಟ್ಟ ಮೇಲೆ ರಕ್ತದೊತ್ತಡ ಕುಸಿಯುತ್ತದೆ. ಅದಕ್ಕಾಗಿಯೇ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಯಕೃತ್ತಿನ ಪರೀಕ್ಷೆಗಳನ್ನು ಪ್ರತಿ ಡೋಸಿಗೂ ನೋಡುತ್ತೇವೆ, ಆಪರೇಷನ್‌ಗೆ ಮೊದಲು ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಕೂಡ. ಕಿಡ್ನಿ ಕಸಿ ಮಾಡಿಸಿಕೊಂಡವರು, ಸಂಧಿವಾತ ಅಥವಾ ಲೂಪಸ್ ಇರುವವರು ಮೊದಲೇ ಹೇಳಬೇಕು.

ಇನ್ನು ಬರೀ ಇಮ್ಯುನೋಥೆರಪಿ ಸಾಲದೇ ಎಂಬ ಪ್ರಶ್ನೆ. ತಲೆ-ಕುತ್ತಿಗೆಯ ರೋಗದಲ್ಲಿ ಅದೊಂದೇ ಗಡ್ಡೆಯನ್ನು ಬೇಗ ಕುಗ್ಗಿಸುವುದು ಅಲ್ಪಸಂಖ್ಯೆಯ ರೋಗಿಗಳಲ್ಲಿ ಮಾತ್ರ. ಕೀನೋಟ್-689ರಲ್ಲಿ ಎರಡು ಡೋಸಿನ ನಂತರ ಗಡ್ಡೆಯ ಬಹುಭಾಗ ಸತ್ತಿದ್ದುದು ಶೇ. 9.4ರಷ್ಟು ಜನರಲ್ಲಿ. ಕಣ್ಣಿನ ಅಂಚಿನಲ್ಲಿ ಕುಳಿತಿರುವ ಗಡ್ಡೆಗೆ ವೇಗ ಬೇಕು, ಆ ವೇಗವನ್ನು ತರುವುದು ಮುಖ್ಯವಾಗಿ ಕೀಮೋ. ಸೈನಸ್‌ನಲ್ಲಿ ಎರಡನ್ನೂ ಸೇರಿಸುವ ಯೋಚನೆ ಹುಟ್ಟಿದ್ದೇ ಹೀಗೆ.

ನಮ್ಮ ಹಳ್ಳಿಗಳಲ್ಲಿ ಮೈಕೈ ನೋವಿಗೆಂದು ಡೆಕ್ಸಾಮೆಥಸೋನ್ ಚುಚ್ಚಿಸಿಕೊಳ್ಳುವ ರೂಢಿ ಇದೆ. ಇಮ್ಯುನೋಥೆರಪಿ ನಡೆಯುವಾಗ ಹಾಗೆ ಸ್ವಂತಕ್ಕೆ ಸ್ಟೀರಾಯ್ಡ್ ತೆಗೆದುಕೊಂಡರೆ ಔಷಧದ ಬಲ ಕುಂದಬಹುದು, ಅಡ್ಡಪರಿಣಾಮವೂ ಮುಚ್ಚಿಹೋಗಬಹುದು. ಡೋಸಿಟ್ಯಾಕ್ಸೆಲ್‌ಗೆ ಮೊದಲು ನಾವು ಕೊಡುವ ಸ್ಟೀರಾಯ್ಡ್ ಅಲ್ಪಕಾಲದ್ದು, ಅದನ್ನು ತಪ್ಪಿಸಬಾರದು.

ರೋಗಿ ಸಹಾಯ ಕೇಂದ್ರದ ಕಾರ್ಯಕರ್ತೆ, ಬೆಳಗಾವಿ

ಖರ್ಚಿನ ಬಗ್ಗೆ ಕೇಳಿದ್ದೀರಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಆಪರೇಷನ್, ಕೀಮೋ, ರೇಡಿಯೇಷನ್‌ಗೆ ಇದು ದೊಡ್ಡ ಆಸರೆ. ಇಮ್ಯುನೋಥೆರಪಿಯ ಔಷಧಕ್ಕೆ ಒಪ್ಪಿಗೆ ಸಿಗುತ್ತದೆಯೇ ಎಂಬುದನ್ನು ನೀವು ಚಿಕಿತ್ಸೆ ಪಡೆಯುವ ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮೊದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಒಂದು ಡೋಸ್ ಸ್ವಂತ ದುಡ್ಡಿನಲ್ಲಿ ಹಾಕಿಸಿ ಮುಂದಿನದಕ್ಕೆ ಪರದಾಡುವ ಕುಟುಂಬಗಳನ್ನು ನಾನು ಆಗಾಗ ನೋಡುತ್ತೇನೆ, ಅದು ರೋಗಿಗೂ ಒಳ್ಳೆಯದಲ್ಲ, ಮನೆಗೂ ಒಳ್ಳೆಯದಲ್ಲ. ಕೀನೋಟ್ ಕ್ರಮದಲ್ಲಿ ಆಪರೇಷನ್ ನಂತರವೂ ತಿಂಗಳುಗಟ್ಟಲೆ ಡೋಸ್ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ನಿರ್ಧರಿಸಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೂ ಆಸ್ಪತ್ರೆಯ ಅಂದಾಜುಪಟ್ಟಿ ಹಚ್ಚಿ ಅರ್ಜಿ ಹಾಕಬಹುದು. ಔಷಧ ಕಂಪನಿಗಳ ರೋಗಿ ಸಹಾಯ ಯೋಜನೆಗಳ ಬಗ್ಗೆ ನಿಮ್ಮ ವೈದ್ಯರನ್ನೇ ಕೇಳಿ.

ಈಚೆಗೆ ಅನೇಕರು "ಕಡಿಮೆ ಡೋಸಿನ ನಿವೊಲುಮ್ಯಾಬ್ ಸಾಕಂತೆ" ಎಂದು ಕೇಳಿಕೊಂಡು ಬರುತ್ತಾರೆ. ಅದು ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಪ್ರಯೋಗ: 151 ರೋಗಿಗಳ ಆ ಪ್ರಯೋಗದಲ್ಲಿ ಬೇರೆ ಔಷಧಗಳ ಜೊತೆಗೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಮಾತ್ರ ಸೇರಿಸಿ ಕೊಟ್ಟಾಗ ಒಂದು ವರ್ಷ ಬದುಕಿದವರು ಶೇ. 16.3ರಿಂದ ಶೇ. 43.4ಕ್ಕೆ ಏರಿದರು. ಬಡವರಿಗೆ ಇದು ನಿಜಕ್ಕೂ ದೊಡ್ಡ ಸುದ್ದಿ. ಆದರೆ ಅವರೆಲ್ಲ ರೋಗ ವಾಸಿಯಾಗುವ ಹಂತ ದಾಟಿದವರು. ಆಪರೇಷನ್‌ಗೆ ಮೊದಲು ಕೊಡುವುದಕ್ಕೂ ಅದನ್ನೇ ಆಧಾರ ಮಾಡಿಕೊಳ್ಳಬಹುದೇ ಎಂಬುದನ್ನು ವೈದ್ಯರು ಹೇಳಬೇಕು.

ರೈಲಿನಲ್ಲಿ ಓಡಾಡುವುದಾದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಪೂರ್ತಿ, ಜೊತೆಗೆ ಹೋಗುವವರಿಗೆ ಶೇ. 75ರಷ್ಟು ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆದುಕೊಳ್ಳಿ.

ಘಟಪ್ರಭಾ, ಬಾಗಲಕೋಟೆ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ವಿಜಯಪುರದ ಅಕ್ಕಾರೆ, ನೀವು ಬರೆದದ್ದನ್ನು ಅಣ್ಣ ಮತ್ತು ವೈನಿ ಇಬ್ಬರಿಗೂ ಓದಿ ಹೇಳಿದೆ. ಆಪರೇಷನ್ ತಪ್ಪಿಸುವುದಿಲ್ಲ ಎಂದು ಅಣ್ಣ ನಮ್ಮ ಅವ್ವನ ಮುಂದೆ ಮಾತು ಕೊಟ್ಟಿದ್ದಾರೆ. ಬ್ಲಾಕ್ ಮರುಪರೀಕ್ಷೆಯಲ್ಲಿಯೂ ಸ್ಕ್ವೇಮಸ್ ಎಂದೇ ಬಂದಿದೆ, ಪಿಡಿ-ಎಲ್1 ಸಿಪಿಎಸ್ 15 ಎಂದಿದೆ. ಡಾಕ್ಟರ್ ಸಾಹೇಬರೇ, ಈ ಅಂಕ ನಿರ್ಧಾರವನ್ನು ಬದಲಿಸುತ್ತದೆಯೇ? ಕಡಿಮೆ ಡೋಸಿನ ಬಗ್ಗೆಯೂ ಒಂದು ಮಾತು ಹೇಳಿ. ಮುಂದಿನ ಗುರುವಾರ ಟ್ಯೂಮರ್ ಬೋರ್ಡ್‌ಗೆ ಬರಲು ಹೇಳಿದ್ದಾರೆ.

ಕ್ಯಾನ್ಸರ್ ವೈದ್ಯ, ಬೆಳಗಾವಿ

ಸಿಪಿಎಸ್ 15 ಎಂದರೆ ಇಮ್ಯುನೋಥೆರಪಿ ಫಲಿಸುವ ಸಂಭವ ಸ್ವಲ್ಪ ಹೆಚ್ಚು ಎಂದರ್ಥ, ಫಲಿಸಿಯೇ ತೀರುತ್ತದೆ ಎಂದಲ್ಲ. ಯಾವುದಾದರೂ ಕೇಂದ್ರದಲ್ಲಿ ಇದರ ಪ್ರಯೋಗ ನಡೆಯುತ್ತಿದ್ದು ಅಲ್ಲಿ ಸೇರಲು ಅವಕಾಶ ಸಿಕ್ಕರೆ ನಾನು ಅದಕ್ಕೇ ಮೊದಲ ಸ್ಥಾನ ಕೊಡುತ್ತೇನೆ. ಅಲ್ಲಿ ನಿಗಾ ಚೆನ್ನಾಗಿರುತ್ತದೆ, ನಿಮ್ಮ ಅಣ್ಣನವರ ಅನುಭವ ಮುಂದಿನವರಿಗೂ ದಾರಿಯಾಗುತ್ತದೆ. ಅದು ಸಿಗದಿದ್ದರೆ, ಹಣದ ಪೂರ್ತಿ ವ್ಯವಸ್ಥೆ ಆಗಿದ್ದರೆ ಮಾತ್ರ ಸೇರಿಸಿ, ಇಲ್ಲದಿದ್ದರೆ ಕೀಮೋವನ್ನಷ್ಟೇ ಸರಿಯಾದ ಡೋಸಿನಲ್ಲಿ, ಸರಿಯಾದ ದಿನಕ್ಕೆ ಕೊಡಿಸಿ. ಕಡಿಮೆ ಡೋಸಿನ ಪ್ರಯೋಗವನ್ನು ಆಪರೇಷನ್‌ಗೆ ಮೊದಲಿನ ಚಿಕಿತ್ಸೆಗೆ ನಾನಾಗಿಯೇ ಎಳೆದು ತರಲಾರೆ.

ದಿನಗಳ ಲೆಕ್ಕ ಹೀಗಿರಲಿ: ಕೊನೆಯ ಸೈಕಲ್ ಆಗಿ ಮೂರ್ನಾಲ್ಕು ವಾರಕ್ಕೆ ಆಪರೇಷನ್, ಆಪರೇಷನ್ ಆಗಿ ಆರು ವಾರದೊಳಗೆ ರೇಡಿಯೇಷನ್ ಶುರು. ಕಣ್ಣಿನ ಅಂತಿಮ ನಿರ್ಧಾರ ಆಪರೇಷನ್ ಟೇಬಲ್ ಮೇಲೆ, ಕಣ್ಣುಗೂಡಿನ ಅಂಚಿನಿಂದ ತೆಗೆದ ತುಣುಕನ್ನು ಅಲ್ಲಿಯೇ ಹೆಪ್ಪುಗಟ್ಟಿಸಿ ತಕ್ಷಣ ಪರೀಕ್ಷಿಸುವ ಫ್ರೋಜನ್ ಸೆಕ್ಷನ್‌ನಲ್ಲಿ ನೋಡಿ ಆಗುತ್ತದೆ. ಆದ್ದರಿಂದ ಕಣ್ಣು ಉಳಿಸುವ ಪ್ರಯತ್ನಕ್ಕೂ, ಅದು ಸಾಧ್ಯವಾಗದಿದ್ದರೆ ತೆಗೆಯುವುದಕ್ಕೂ, ಎರಡಕ್ಕೂ ಒಪ್ಪಿಗೆಪತ್ರ ಮೊದಲೇ ಕೇಳುತ್ತಾರೆ. ಇದನ್ನು ಅಣ್ಣನವರಿಗೆ ಈಗಲೇ ತಿಳಿಸಿ. ಗುರುವಾರ ಹೋಗುವಾಗ ಸಿ.ಟಿ., ಎಂ.ಆರ್.ಐ.ಗಳ ಸಿ.ಡಿ.ಯನ್ನೇ ಒಯ್ಯಿರಿ, ಫಿಲ್ಮ್ ಮಾತ್ರ ಸಾಲದು. ಚಿಕಿತ್ಸೆ ಶುರುವಾಗುವ ಮೊದಲಿನ ಆ ಚಿತ್ರಗಳು ಆಪರೇಷನ್ ದಿನವೂ ಸರ್ಜನ್ ಕೈಯಲ್ಲಿ ಇರಬೇಕು. ಬೋರ್ಡ್‌ಗೆ ಕಣ್ಣಿನ ವೈದ್ಯರು ಬರುತ್ತಾರೆಯೇ ಎಂದು ಬುಧವಾರವೇ ಫೋನ್ ಮಾಡಿ ಕೇಳಿಕೊಳ್ಳಿ.